ಅಂತಾಲ್ಯಾದಲ್ಲಿ ಅಪ್ಪ ಕುಡಿದ ತೀರ್ಥ

ಊಟ ಮುಗಿದಿತ್ತು. ಬಿಲ್ಲು ಕೊಟ್ಟಾಗಿತ್ತು. ವೇಟರ್ ಹುಡುಗ ಒಂದು ಗಾಜಿನ ಬಾಟಲಿ ಹಿಡಿದು ನಮ್ಮ ಟೇಬಲ್ ಹತ್ತಿರ ಬಂದ, ಭಕ್ತಿಯಿಂದಲೇ ಅನ್ನಬೇಕು, ಸ್ವಲ್ಪ ಬಾಗಿದ, ಬಾಟಲಿಯನ್ನು ಅಪ್ಪನ ಕಡೆ ಓರೆ ಮಾಡಿದ. ನಿಂಬೆಹಣ್ಣಿನ ಘಮ ಬಂತು. ಅಪ್ಪನಿಗೆ 72 ವರ್ಷ. ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಲಗೈಯನ್ನು ಆಕಳ ಕಿವಿಯ ಹಾಗೆ ಮಡಚಿ, ಎಡಗೈ ಕೆಳಗೆ ಕೊಟ್ಟು, ಮುಂದೆ ಚಾಚಿದರು. ಹುಡುಗ ನಾಲ್ಕು ಹನಿ ಹಾಕಿದ. ನಾನು "ಅಪ್ಪಾ, ಅದು..." ಅನ್ನುವಷ್ಟರಲ್ಲಿ ಸುರ್ ಅಂತ ಶಬ್ದ ಬಂತು.

ಅದು ತೀರ್ಥ ಅಲ್ಲ. ಅದರ ಹೆಸರು ಕೊಲೊನ್ಯ. ಟರ್ಕಿಯಲ್ಲಿ ಊಟವಾದ ಮೇಲೆ, ದೂರದ ಊರಿನ ಬಸ್ಸಿನಲ್ಲಿ, ಯಾರದಾದರೂ ಮನೆಗೆ ಹೋದಾಗ, ಅಂಗೈಗೆ ಹಾಕುವ ನಿಂಬೆ ವಾಸನೆಯ ನೀರು. ಎರಡೂ ಕೈ ಉಜ್ಜಿಕೊಂಡು, ಬೇಕಿದ್ದರೆ ಕತ್ತಿಗೂ ಸವರಿಕೊಂಡು ಸುಮ್ನೆ ಕೂರಬೇಕು. ನಮ್ಮ ಮದುವೆ ಮನೆಗಳ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಾರಲ್ಲ, ಅದರ ದೂರದ ನೆಂಟ ಅಂದುಕೊಳ್ಳಿ. ಬಾಟಲಿಯ ಮೇಲೆ 80 ಡಿಗ್ರಿ ಅಂತ ಬರೆದಿತ್ತು. ಅದು ಕಾವಿನ ಲೆಕ್ಕ ಅಲ್ಲ. ನೂರಕ್ಕೆ ಎಂಬತ್ತು ಪಾಲು ಆಲ್ಕೋಹಾಲು. ಕೆಮ್ಮಿನ ಔಷಧಿಯ ಬಾಟಲಿಯನ್ನೂ ತಿರುಗಿಸಿ ತಿರುಗಿಸಿ ಓದಿ, ಆಮೇಲೆ ಶುಂಠಿ ಕಷಾಯವೇ ಸಾಕು ಅನ್ನುವ ಮನುಷ್ಯ ನಮ್ಮಪ್ಪ.

ಉಗುಳಿದರು, ಕೆಮ್ಮಿದರು, ಕಣ್ಣಲ್ಲಿ ನೀರು ಬಂತು. ಆದರೂ ಅಭ್ಯಾಸ ಬಿಡುತ್ತದೆಯೇ? ಕೈಯಲ್ಲಿ ಉಳಿದ ಒದ್ದೆಯನ್ನು ತಲೆಗೆ ಸವರಿಕೊಂಡೇ ಕೈ ಕೆಳಗಿಟ್ಟರು. "ಇವರ ತೀರ್ಥ ಭಾಳ ಜೋರ್ ಅದಲೋ" ಅಂದರು. ವಿಷಯ ತಿಳಿಸಿದೆ. ಅವ್ವ ಮಾತಾಡಲಿಲ್ಲ, ಎರಡು ನಿಮಿಷ ಬಿಟ್ಟು "ಊರಿಗೆ ಹೋದ ಮ್ಯಾಲೆ ಪಂಚಗವ್ಯ ತೊಗೊಳ್ರಿ" ಅಂತಷ್ಟೇ ಹೇಳಿದಳು. ವೇಟರ್ ಹುಡುಗ ಪಾಪ ಓಡಿಹೋಗಿ ಒಂದು ದೊಡ್ಡ ಲೋಟ ಅಯ್ರಾನ್ ತಂದುಕೊಟ್ಟ. ಅಯ್ರಾನ್ ಅಂದರೆ ಉಪ್ಪು ಹಾಕಿದ ಮಜ್ಜಿಗೆ, ಮೇಲೆ ಒಂದು ಬೆರಳು ನೊರೆ. ಕುಡಿದು ಅಪ್ಪನ ಮುಖ ತಿಳಿಯಾಯಿತು. "ಒಗ್ಗರಣಿ ಒಂದ್ ಇಲ್ಲ ನೋಡು" ಅಂದರು.

ನಾವು ಇರುವುದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ. ಅಪ್ಪ ಅವ್ವ ಧಾರವಾಡದಿಂದ ಬಂದಿದ್ದರು. ಜರ್ಮನಿಯ ಜನ ಬೇಸಿಗೆಗೆ ಟರ್ಕಿಯ ಕಡಲ ತೀರದ ಊರು ಅಂತಾಲ್ಯಾಕ್ಕೆ ಹೋಗುವುದು ನಾವು ಗೋಕರ್ಣಕ್ಕೆ ಹೋದಷ್ಟೇ ಮಾಮೂಲು, ನನ್ನ ಆಫೀಸಿನಲ್ಲಿ ಅರ್ಧ ಜನ ಹೋಗಿ ಬಂದವರೇ. ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ, ಕೈಯಲ್ಲಿದ್ದರೆ ಭಾರತದವರಿಗೆ ಟರ್ಕಿಯ ಇ-ವೀಸಾ ಮನೆಯಲ್ಲೇ ಕೂತು ಸಿಗುತ್ತದೆ. ಒಂದೇ ಒಂದು ಎಚ್ಚರ: ಅಪ್ಪ ಅಮ್ಮನ ಷೆಂಗೆನ್ ವೀಸಾ ಹಲವು ಸಲ ಒಳಗೆ ಬರಲು ಬಿಡುವಂಥದ್ದೇ ಅಂತ ನೋಡಿಕೊಳ್ಳಿ. ಇಲ್ಲದಿದ್ದರೆ ಸಮುದ್ರ ನೋಡಿ ವಾಪಸ್ ಬರುವಾಗ ಮಗ ಮಾತ್ರ ಜರ್ಮನಿಗೆ, ಅಪ್ಪ ಅಮ್ಮ ಅಲ್ಲಿಂದಲೇ ಬೆಂಗಳೂರಿಗೆ.

ನಾನು ಪಟ್ಟಿ ಮಾಡುವ ಜಾತಿಯವನು. ನಾಲ್ಕು ಪುಟ ಪ್ರಿಂಟ್ ತೆಗೆದಿದ್ದೆ. ಸಮುದ್ರದ ದಂಡೆಯಲ್ಲಿ ಹಲವು ಕಡೆ ಮರಳಿಗಿಂತ ಬೆಣಚುಕಲ್ಲು ಜಾಸ್ತಿ, ರಬ್ಬರ್ ಚಪ್ಪಲಿ ಒಯ್ಯಿರಿ. ಈಜುಡುಗೆಯಲ್ಲೇ ಪೇಟೆಗೆ ಹೋಗಬೇಡಿ, ಬೀಚಿಗೊಂದು ಬಟ್ಟೆ, ಬೀದಿಗೊಂದು ಬಟ್ಟೆ. ಮೀನು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ, ಬೇಯಿಸುವ ಮುಂಚೆ ರೇಟು ಕೇಳಿ (ನಮಗೇಕೆ ಬೇಕಿತ್ತು ಇದು ಅಂತ ಹೆಂಡತಿ ಕೇಳಿದಳು). ಟ್ಯಾಕ್ಸಿ ಹತ್ತಿದ ಕೂಡಲೇ ಮೀಟರ್ ನೋಡಿ. ಟರ್ಕಿ ಗಣರಾಜ್ಯ ಕಟ್ಟಿದ ಅತಾತುರ್ಕ್ ಬಗ್ಗೆ ಹಗುರವಾಗಿ ಮಾತಾಡಬೇಡಿ, ಅಲ್ಲಿ ಅದಕ್ಕೆ ಕಾನೂನೇ ಇದೆ. ಹೀಗೆ. ಇವ್ಯಾವುದರಲ್ಲೂ ನಾವು ಎಡವಲಿಲ್ಲ. ನಾವು ಎಡವಿದ್ದೆಲ್ಲ "ಅಯ್ಯೋ ಇದು ನಮ್ಮೂರಿನಂಗೇ ಇದೆಯಲ್ಲ" ಅಂದಲ್ಲೇ. ಅದನ್ನು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ.

ಮೊದಲ ಮೂರು ದಿನ ಸೀದೆ ಅನ್ನುವ ಊರಿನ ಹತ್ತಿರ ಒಂದು ದೊಡ್ಡ ಹೋಟೆಲು. ಊಟ, ತಿಂಡಿ, ಐಸ್‌ಕ್ರೀಮು ಎಲ್ಲ ಕೋಣೆಯ ಬಾಡಿಗೆಯಲ್ಲೇ. ತುರ್ಕಿ ಮಾತಿನಲ್ಲಿ ಇದಕ್ಕೆ "ಹೆರ್ ಶೇ ದಾಹಿಲ್" ಅನ್ನುತ್ತಾರೆ, ಎಲ್ಲವೂ ಸೇರಿದೆ ಅಂತ. ಅಪ್ಪ ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿ ನಿವೃತ್ತರಾದವರು, ತಕ್ಷಣ "ದಾಹಿಲ್ ಅಂದ್ರ ನಮ್ಮ ದಾಖಲ್" ಅಂದರು. ನಿಜವೇ, ಎರಡೂ ಒಂದೇ ಅರಬ್ಬೀ ಬೇರಿನ ಮಾತು. ಆಮೇಲೆ ಅವರಿಗೆ ಅದೇ ಕೆಲಸವಾಯಿತು. ಬಿಲ್ಲಿಗೆ ಹೆಸಾಪ್, ನಮ್ಮ ಹಿಸಾಬು. ಸಾಬೂನಿಗೆ ಸಾಬುನ್. ಹವೆಗೆ ಹವಾ. ದುನಿಯಾಕ್ಕೆ ದ್ಯುನ್ಯಾ. ಆಯ್ತು ಅನ್ನಲಿಕ್ಕೆ ತಮಾಮ್. "ಇದೇನು ಪರದೇಶ, ಹಳೇ ಹುಬ್ಬಳ್ಳಿ" ಅಂತ ಘೋಷಿಸಿಬಿಟ್ಟರು. ಇಲ್ಲಿಂದಲೇ ಶುರುವಾಗಿದ್ದು ತೊಂದರೆ.

ತೊಂದರೆಗಿಂತ ಮುಂಚೆ ಅಪ್ಪನ ಒಂದು ಗೆಲುವನ್ನು ಹೇಳಿಬಿಡುತ್ತೇನೆ. ಈ ಹೋಟೆಲುಗಳಲ್ಲಿ ಈಜುಕೊಳದ ಸುತ್ತ ಮಲಗುವ ಕುರ್ಚಿಗಳಿರುತ್ತವೆ. ನೆರಳಿನಲ್ಲಿರುವುದು ಕೆಲವೇ. ಜರ್ಮನರು ಬೆಳಗಿನ ಜಾವ ಎದ್ದು ಬಂದು ಒಳ್ಳೊಳ್ಳೆ ಕುರ್ಚಿಗೆ ಟವೆಲ್ ಹಾಸಿ ಹೋಗಿ ಮತ್ತೆ ಮಲಗುತ್ತಾರೆ ಅಂತ ಯುರೋಪಿನಲ್ಲೆಲ್ಲ ತಮಾಷೆ ಮಾಡುತ್ತಾರೆ. ತಮಾಷೆ ಏನಿಲ್ಲ, ಖರೇನೇ. ಮೊದಲ ದಿನ ನಾವು ಒಂಬತ್ತಕ್ಕೆ ಹೋದರೆ ಎಲ್ಲಾ ಕುರ್ಚಿಗೂ ಟವೆಲ್ಲು, ಒಬ್ಬ ಮನುಷ್ಯನೂ ಇಲ್ಲ. ಅಪ್ಪ ಆ ಸಾಲನ್ನು ಮೆಚ್ಚುಗೆಯಿಂದಲೇ ನೋಡಿದರು. ಮೂವತ್ತು ವರ್ಷ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ, ಇನ್ನೂ ನಿಲ್ಲದ ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದವರು ಅವರು. ಮರುದಿನ ಸಂಧ್ಯಾವಂದನೆಗೆ ಅಂತ ಐದಕ್ಕೆ ಎದ್ದವರು ಅದಕ್ಕೂ ಮುಂಚೆ ಕೆಳಗೆ ಹೋಗಿ, ಬೇವಿನಷ್ಟು ದಟ್ಟ ನೆರಳಿನ ಮೂಲೆಯ ಐದು ಕುರ್ಚಿಗೆ ತಮ್ಮ ಕೆಂಪಂಚಿನ ಪಂಜಾ, ಅವ್ವನ ಶಾಲು, ನನ್ನ ಲುಂಗಿ, ಮೊಮ್ಮಗಳ ದುಪಟಿ, ಕೊನೆಗೆ ಒಂದು ಕರವಸ್ತ್ರ ಹಾಕಿ ಬಂದಿದ್ದರು. ಆರೂವರೆಗೆ ಬಂದ ಒಬ್ಬ ಜರ್ಮನ್ ಯಜಮಾನ ಕರವಸ್ತ್ರದ ಕುರ್ಚಿಯ ಮುಂದೆ ಬಹಳ ಹೊತ್ತು ನಿಂತಿದ್ದನಂತೆ. ಕರವಸ್ತ್ರ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ. ಅಪ್ಪ ದೂರದಿಂದಲೇ ಕೈ ಎತ್ತಿ ತೋರಿಸಿದರಂತೆ. ಆತ ತಲೆದೂಗಿ ಬೇರೆ ಕಡೆ ಹೋದ. ಭಾಷೆ ಬೇಕಾಗಲಿಲ್ಲ.

ಭಾಷೆ ಬೇಕಾಗಿದ್ದು ಮಗಳಿಗೆ. ನಾಲ್ಕು ವರ್ಷ ಅವಳಿಗೆ. ಮಧ್ಯಾಹ್ನ ಊಟದ ಹಾಲಿನಲ್ಲಿ ನಾನು ತಟ್ಟೆ ಹಿಡಿದು ದೂರ ಇದ್ದೆ, ಅವಳು ಅಜ್ಜನ ಪಕ್ಕ ಕೂತು "ಸೂ ಸೂ, ಸೂ ಸೂ" ಅಂತ ಒದ್ದಾಡತೊಡಗಿದಳು. ಪಕ್ಕದಲ್ಲಿದ್ದ ವಯಸ್ಸಾದ ವೇಟರ್ ಮುಖ ಅರಳಿಸಿಕೊಂಡು ಹೋಗಿ ಎರಡು ಲೋಟ ನೀರು ತಂದಿಟ್ಟ. ತುರ್ಕಿ ಮಾತಿನಲ್ಲಿ ಸು ಅಂದರೆ ನೀರು. ಮಗು ಇನ್ನೂ ಜೋರಾಗಿ "ಸೂ ಸೂ" ಅಂತ ಅಳತೊಡಗಿತು. ಆತ ಇನ್ನೆರಡು ಲೋಟ ತಂದ. ನೀರು ನೋಡಿದಷ್ಟೂ ಮಗುವಿನ ಅವಸರ ಜಾಸ್ತಿ. ಅಪ್ಪ ಗಾಬರಿಯಾಗಿ "ಕಾಕಾಗ ಹೇಳವಾ, ಕಾಕಾ ತೋರಿಸ್ತಾರ" ಅಂದರು. ನಮ್ಮ ಕಡೆ ಹಿರಿಯ ಗಂಡಸರಿಗೆಲ್ಲ ಕಾಕಾ. ಮಗಳು ಆ ಮನುಷ್ಯನ ಮುಖ ನೋಡಿ "ಕಾಕಾ! ಕಾಕಾ!" ಅಂತ ಕೂಗಿದಳು. ಆತ ಲೋಟ ಬಿಟ್ಟು, ಅವಳನ್ನು ಎತ್ತಿಕೊಂಡು, ಟೇಬಲ್ಲುಗಳ ನಡುವೆ ದಾರಿ ಬಿಡಿಸಿಕೊಂಡು, ಸೀದಾ ಟಾಯ್ಲೆಟ್ಟಿನ ಬಾಗಿಲಿಗೇ ಓಡಿದ. ಅಪ್ಪ "ನೋಡು, ಕಾಕಾ ಅಂದ್ರ ಎಲ್ಲಾ ಕಡೆ ಮರ್ಯಾದಿ" ಅಂದರು. ಅಲ್ಲಿ ಕಾಕಾ ಅಂದರೆ ಮಕ್ಕಳ ಎರಡನೇ ಕೆಲಸ. ಸಂಜೆ ಇದನ್ನು ನಾನು ಕಂಡುಹಿಡಿಯುವ ಹೊತ್ತಿಗೆ ಅಪ್ಪ ಸ್ವಾಗತದ ಮೇಜಿನವರಿಂದ ಹಿಡಿದು ತೋಟದ ಮಾಲಿಯವರೆಗೆ ಎಲ್ಲರಿಗೂ ನಗುನಗುತ್ತಾ ಕಾಕಾ ಅಂದಾಗಿತ್ತು.

ಸರಿಯಾದ ಮಾತು ಏನು ಅಂದರೆ, ವಯಸ್ಸಾದವರಿಗೆ "ಅಮ್ಜಾ", ಅಂದರೆ ಚಿಕ್ಕಪ್ಪ ದೊಡ್ಡಪ್ಪ, ಹೆಂಗಸರಿಗೆ "ತೇಯ್ಜೆ", ಚಿಕ್ಕಮ್ಮ. ನಮ್ಮ ವಯಸ್ಸಿನವರಾದರೆ "ಅಬಿ", ಅಣ್ಣ, ಇಲ್ಲಾ "ಅಬ್ಲಾ", ಅಕ್ಕ. ನಮ್ಮ ಹಾಗೇ ಅವರೂ ಗುರುತಿಲ್ಲದವರನ್ನು ಸಂಬಂಧ ಹಚ್ಚಿಯೇ ಕರೆಯುವುದು. ಇಷ್ಟು ನಾಲ್ಕು ಮಾತು ಗೊತ್ತಿದ್ದರೆ ಅಂಗಡಿಯವರ ಮುಖವೇ ಬೇರೆ ಆಗುತ್ತದೆ.

ಟಾಯ್ಲೆಟ್ ವಿಷಯ ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ಜರ್ಮನಿಯ ಬರೀ ಕಾಗದದ ಸಂಸ್ಕೃತಿಯಿಂದ ಬಂದ ನಮಗೆ ಟರ್ಕಿಯ ಕಮೋಡು ಒಂದು ಸಂತೋಷ. ಹಿಂದೆ ಅಂಚಿನೊಳಗೇ ಒಂದು ಸಣ್ಣ ನಳಿಗೆ, ಪಕ್ಕದ ಗೋಡೆಯಲ್ಲಿ ತಿರುಪು. ತಿರುಗಿಸಿದರೆ ನೀರು ಬೇಕಾದಲ್ಲಿಗೇ ಬರುತ್ತದೆ. ಆದರೆ ಇದು ಹೇಗೆ ಕೆಲಸ ಮಾಡುತ್ತದೆ ಅಂತ ಮುಂದೆ ನಿಂತು, ಬಗ್ಗಿ, ತಿರುಪು ತಿರುಗಿಸಿ ನೋಡಬೇಡಿ. ಇಂಜಿನಿಯರುಗಳಿಗೆ ವಿಶೇಷ ಸೂಚನೆ. ನನ್ನ ಕನ್ನಡಕ ಕಮೋಡಿನ ಒಳಗೆ ಬಿತ್ತು. ಮತ್ತೆ ಕಾಗದವನ್ನು ಒಳಗೆ ಹಾಕಬೇಡಿ, ಪಕ್ಕದಲ್ಲಿ ಬುಟ್ಟಿ ಇರುತ್ತದೆ, ಅಲ್ಲಿಯ ಕೊಳವೆಗಳು ಸಣ್ಣವು.

ಅವ್ವನ ಕಥೆ ಬೇರೆ. ಸೀದೆಯಿಂದ ಅಂತಾಲ್ಯಾಕ್ಕೆ ಬರುವಾಗ ದಾರಿಯಲ್ಲಿ ಬಸ್ಸು ನಿಲ್ಲಿಸಿದರು. ಟಾಯ್ಲೆಟ್ಟಿಗೆ ಎರಡು ಬಾಗಿಲು. ಒಂದರ ಮೇಲೆ ಬಿ, ಎ, ವೈ. ಇನ್ನೊಂದರ ಮೇಲೆ ಅದೇ ಅಕ್ಷರ, ಮುಂದೆ ಇನ್ನೆರಡು. ಅವ್ವ ಕೂಡಿಸಿಕೊಂಡು ಓದಿದಳು: ಬಾಯ್. ಧಾರವಾಡದಲ್ಲಿ ಬಾಯಿ ಅಂದರೆ ಹೆಂಗಸು, ಶಾಲೆಯ ಟೀಚರಿಗೂ ಬಾಯಾರು ಅಂತಲೇ ಕರೆಯುತ್ತೇವೆ. ಸೆರಗು ಸರಿಮಾಡಿಕೊಂಡು ಹೋಗೇಬಿಟ್ಟಳು. ನನ್ನ ಹೆಂಡತಿ ಮೈಸೂರಿನವಳು, ಹಿಂದಿನಿಂದ "ಅತ್ತೇ, ಅದು ಗಂಡಸರದ್ದು ಅತ್ತೇ!" ಅಂತ ಕೂಗುತ್ತಾ ಓಡಿದಳು. ಅಲ್ಲಿ ಬಾಯ್ ಅಂದರೆ ಗಂಡಸರು, ಬಾಯಾನ್ ಅಂದರೆ ಹೆಂಗಸರು. ಒಳಗಿನಿಂದ ಇಬ್ಬರು ಲಾರಿ ಡ್ರೈವರುಗಳು ಸೋಪು ಹಚ್ಚಿದ ಕೈಯಲ್ಲೇ ಹೊರಗೆ ಬಂದರು. ಐದು ನಿಮಿಷ ಬಿಟ್ಟು ಅವ್ವ ಬಂದಳು, ಗಂಭೀರವಾಗಿ. "ಅವರಿಗೆ ಹೊರಗ ನಿಂದ್ರಿ ಅಂದೆ, ನಿಂತ್ರು. ಭಾಳ ಮರ್ಯಾದಸ್ಥರು" ಅಂದಳು.

ಊಟದಲ್ಲಿ ಸಸ್ಯಾಹಾರಿಗಳಿಗೆ ಕಷ್ಟ ಆಗುತ್ತದೆ ಅಂತ ಎಲ್ಲರೂ ಹೆದರಿಸಿದ್ದರು. ಅಷ್ಟೇನಿಲ್ಲ. ಮಾಂಸಕ್ಕೆ "ಎತ್" ಅನ್ನುತ್ತಾರೆ, ಮಾಂಸ ಇಲ್ಲದ್ದಕ್ಕೆ "ಎತ್ಸಿಜ್". ಅವ್ವನಿಗೆ ಇದು ಬಾಯಿಪಾಠವಾಗಲು ಒಂದು ಸೆಕೆಂಡು ಸಾಕಾಯಿತು, ಎತ್ತು ಇಲ್ಲದ್ದು. ಅಂತಾಲ್ಯಾದ ಹಳೇ ಪೇಟೆ ಕಲೇಯಿಚಿಯ ಒಂದು ಸಣ್ಣ ಹೋಟೆಲಿನಲ್ಲಿ ಎಲ್ಲರೂ ಎತ್ಸಿಜ್ ಎತ್ಸಿಜ್ ಅಂತ ಜಪ ಮಾಡಿ ಅನ್ನ ತರಿಸಿದೆವು. ಅನ್ನದ ಮೇಲೆ ಬೆಳ್ಳಗೆ ಎಳೆ ಎಳೆಯಾಗಿ ಏನೋ. ಹೆಂಡತಿ ಮುಟ್ಟಿ ನೋಡಿ ತಟ್ಟೆ ದೂರ ತಳ್ಳಿದಳು. ನಾನು ಹೋಗಿ ಜಗಳಕ್ಕೆ ನಿಂತೆ. ಆತ ಪ್ರಾಮಾಣಿಕವಾಗಿ ಕೈ ಅಲ್ಲಾಡಿಸಿ "ಎತ್ ಯೋಕ್, ತಾವುಕ್!" ಅಂದ. ಎತ್ ಇಲ್ಲವೇ ಇಲ್ಲ, ಅದು ಕೋಳಿ. ಬಹಳ ಜನಕ್ಕೆ ಅಲ್ಲಿ ಎತ್ ಅಂದರೆ ಕುರಿ, ದನ ಅಷ್ಟೇ. ಕೋಳಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಅಪ್ಪ ತೀರ್ಪು ಕೊಟ್ಟರು: "ಅವಂದು ತಪ್ಪಿಲ್ಲ ಬಿಡು. ನಾವು ಎತ್ತು ಬ್ಯಾಡ ಅಂದ್ವಿ, ಅಂವ ಎತ್ತು ಹಾಕಿಲ್ಲ." ಹಾಗಾಗಿ ಮೂರನ್ನೂ ಹೇಳಿ: ಎತ್ ಯೋಕ್, ತಾವುಕ್ ಯೋಕ್, ಬಾಲಿಕ್ ಯೋಕ್. ಬಾಲಿಕ್ ಅಂದರೆ ಮೀನು. ಕೆಂಪು ಬೇಳೆಯ ಸೂಪು, ಮೆರ್ಜಿಮೆಕ್, ಎಲ್ಲಾ ಕಡೆ ಸಿಗುತ್ತದೆ, ನಮ್ಮ ಕಟ್ಟಿನ ಸಾರಿಗೆ ಹತ್ತಿರ. ಆದರೆ ಕೆಲವರು ಎಲುಬಿನ ರಸ ಹಾಕಿ ಕುದಿಸುತ್ತಾರೆ, ಕೇಳಿಯೇ ತಿನ್ನಿ.

ನಂಬಿ ತಿನ್ನಬಹುದಾದ್ದು ಆಲಿವ್ ಎಣ್ಣೆಯಲ್ಲಿ ಮಾಡಿ ತಣ್ಣಗೆ ಬಡಿಸುವ ತರಕಾರಿಗಳು, ಜೇತಿನ್‌ಯಾಲಿ ಅಂತ ಮೆನುವಿನಲ್ಲಿ ಬೇರೆ ಭಾಗವೇ ಇರುತ್ತದೆ. ಅದರಲ್ಲಿ ಇಮಾಮ್ ಬಾಯಿಲ್ದಿ ಅನ್ನುವುದು ಇಡೀ ಬದನೆಕಾಯಿಗೆ ಉಳ್ಳಾಗಡ್ಡಿ ಟೊಮೇಟೊ ತುಂಬಿದ್ದು. ಇಮಾಮರು ಮೂರ್ಛೆ ಬಿದ್ದರು ಅಂತ ಹೆಸರಿನ ಅರ್ಥ. ರುಚಿಗೆ ಬಿದ್ದರೋ ಎಣ್ಣೆಯ ಖರ್ಚು ಕೇಳಿ ಬಿದ್ದರೋ ಅಂತ ಅಲ್ಲೂ ಜಗಳ ಇದೆಯಂತೆ. ಅವ್ವ ಒಂದು ತುತ್ತು ತಿಂದು, ಯಾರೂ ಬೀಳುವ ಲಕ್ಷಣ ಕಾಣದೆ, ಚೀಲದಿಂದ ಶೇಂಗಾ ಚಟ್ನಿ ಡಬ್ಬಿ ತೆಗೆದು ಮೇಲೆ ಉದುರಿಸಿದಳು. ಈಗ ಎಣ್ಣೆಗಾಯಿ ಆಯಿತು. ಕುತೂಹಲಕ್ಕೆ ಹೋಟೆಲಿನಾತನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಆತನಿಗೆ ನೀರು ಬೇಕಾಯಿತು. ಮಗಳು ಸರಿಯಾದ ಹೊತ್ತಿಗೆ "ಸು" ಅಂದಳು.

ಕತ್ತು, ಹುಬ್ಬು, ನಾಲಿಗೆ, ಇವು ಮೂರೂ ಅಲ್ಲಿ ಬೇರೆ ಥರ ಮಾತಾಡುತ್ತವೆ. ಹುಬ್ಬು ಮೇಲೆತ್ತಿ, ತಲೆ ಸ್ವಲ್ಪ ಹಿಂದೆ ವಾಲಿಸಿ "ಚಿಕ್" ಅಂದರೆ "ಇಲ್ಲ". ಬರೀ ಹುಬ್ಬು ಎತ್ತಿದರೂ "ಇಲ್ಲ"ವೇ. ನಮ್ಮಲ್ಲಿ ಹುಬ್ಬು ಎತ್ತಿದರೆ "ಏನು?" ಅಂತ ಅಲ್ವಾ? ಅವ್ವನಿಗೆ ಎರಡು ದಿನ ಚಹಾ ಸಿಗಲಿಲ್ಲ. ಹುಡುಗ ಟ್ರೇ ಹಿಡಿದು ಬಂದು "ಚಾಯ್?" ಅನ್ನುವುದು, ಅವ್ವ ಕಿವಿ ಸ್ವಲ್ಪ ಮಂದವಾದ್ದರಿಂದ ಹುಬ್ಬು ಎತ್ತಿ "ಏನು?" ಅನ್ನುವುದು, ಹುಡುಗ ಮುಂದೆ ಹೋಗುವುದು. "ನನ್ನ ಕಂಡ್ರ ಅವಗ ಆಗೂದಿಲ್ಲ" ಅಂತ ಅವಳ ದೂರು. ಕೊನೆಗೆ ಸಿಕ್ಕಾಗ ನಿಲ್ಲಲಿಲ್ಲ. ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ, ಖಾಲಿಯಾದಂತೆಲ್ಲ ಮತ್ತೊಂದು ಬರುತ್ತಲೇ ಇರುತ್ತದೆ. ಸಾಕು ಅನ್ನಬೇಕಿದ್ದರೆ ಚಮಚವನ್ನು ಲೋಟದ ಬಾಯಿಗೆ ಅಡ್ಡ ಇಡಬೇಕು. ಇದು ಗೊತ್ತಾಗುವಷ್ಟರಲ್ಲಿ ಆರು ಲೋಟ. ಕೊಟ್ಟದ್ದನ್ನು ಬಿಡಬಾರದು ಅನ್ನುವುದು ಅವ್ವನ ವ್ರತ. ಆ ರಾತ್ರಿ ಅವಳು ಮಲಗಲಿಲ್ಲ, ನಮ್ಮನ್ನೂ ಮಲಗಿಸಲಿಲ್ಲ.

ಅಪ್ಪನಿಗೆ ಇದೇ ಕತ್ತು ಲಾಭ ತಂದಿತು. ನೀಲಿ ಗಾಜಿನ ಕಣ್ಣು, ನಜರ್ ಮಣಿ, ಅಲ್ಲಿ ಮನೆ, ಕಾರು, ಮಗುವಿನ ಅಂಗಿ ಎಲ್ಲಕ್ಕೂ ಸಿಕ್ಕಿಸುತ್ತಾರೆ. ಹೆಸರೂ ನಮ್ಮದೇ, ಕೆಲಸವೂ ನಮ್ಮ ದೃಷ್ಟಿಬೊಟ್ಟಿನದೇ. ಧಾರವಾಡದ ಸ್ಕೂಟರಿಗೆ ಒಂದು ಬೇಕು ಅಂತ ಅಂಗಡಿಗೆ ಹೋದರು. ಆತ ರೇಟು ಹೇಳಿದ. ಅಪ್ಪ "ಆತು, ಕೊಡು" ಅಂತ ನಮ್ಮ ಪದ್ಧತಿಯಲ್ಲಿ ಕತ್ತನ್ನು ಆಚೀಚೆ ಓಲಾಡಿಸಿದರು. ಅಲ್ಲಿ ತಲೆ ಹಾಗೆ ಅಲ್ಲಾಡಿಸಿದರೆ "ತಿಳಿಯಲಿಲ್ಲ" ಅಂತ. ಆತ ರೇಟು ಇಳಿಸಿ ಇನ್ನೊಮ್ಮೆ ಹೇಳಿದ. ಅಪ್ಪ ಮತ್ತೆ ಓಲಾಡಿಸಿದರು. ಇನ್ನೂ ಇಳಿಯಿತು. ಮೂರನೇ ಸಲಕ್ಕೆ ಅಪ್ಪನಿಗೆ ಮರ್ಮ ತಿಳಿದುಹೋಯಿತು ಅಂತ ನನ್ನ ಅನುಮಾನ. ಅರ್ಧ ಬೆಲೆಗೆ ಮೂರು ಮಣಿ ಬಂದವು.

ಇಂಥ ಕಡೆ ಅಪ್ಪನ ಕಣ್ಣು ವಸ್ತುವಿಗಿಂತ ನೋಟಿನ ಮೇಲೆ ಜಾಸ್ತಿ. ಎಲ್ಲಾ ನೋಟಿನ ಮೇಲೂ ನಾಣ್ಯದ ಮೇಲೂ ಅತಾತುರ್ಕ್ ಮುಖವೇ, ನಮ್ಮ ನೋಟಿನಲ್ಲಿ ಗಾಂಧಿ ಇದ್ದ ಹಾಗೆ. ಮಗಳು "ಟೈ ಹಾಕಿರೋ ಗಾಂಧಿ ತಾತ" ಅಂತ ಹೆಸರಿಟ್ಟು, ಸಿಕ್ಕ ನಾಣ್ಯವನ್ನೆಲ್ಲ ತಿರುಗಿಸಿ ನೋಡುತ್ತಿದ್ದಳು. 2005ರ ಜನವರಿ 1ರಂದು ಇವರು ಲಿರಾದಿಂದ ಆರು ಸೊನ್ನೆ ಕಿತ್ತುಹಾಕಿ, ಹತ್ತು ಲಕ್ಷ ಹಳೇ ಲಿರಾಕ್ಕೆ ಒಂದು ಹೊಸ ಲಿರಾ ಮಾಡಿದರು ಅಂತ ನಾನು ಓದಿ ಹೇಳಿದಾಗ ಅಪ್ಪ ಊಟ ಬಿಟ್ಟು ಯೋಚನೆಗೆ ಬಿದ್ದರು. "ಅವತ್ತು ಕ್ಯಾಶ್ ಕೌಂಟರಿನ್ಯಾಗ ಕೂತವನ ಗತಿ ಏನಾಗಿರಬೇಕು?" ಆ ಗುರುತಿಲ್ಲದ ಮನುಷ್ಯನ ಮೇಲೆ ಅವರಿಗೆ ಹುಟ್ಟಿದ ಮರುಕ ಪ್ರವಾಸ ಮುಗಿಯುವ ತನಕ ಹೋಗಲಿಲ್ಲ.

ಹಮಾಮಿಗೆ, ಅಂದರೆ ಅಲ್ಲಿಯ ಸಾರ್ವಜನಿಕ ಸ್ನಾನದ ಮನೆಗೆ, ನಾನೂ ಅಪ್ಪನೂ ಹೋದೆವು. ಬಟ್ಟೆ ಬಿಚ್ಚಿ ಪೆಷ್ತೆಮಾಲ್ ಅನ್ನುವ ಚೌಕಳಿಯ ತೆಳು ವಸ್ತ್ರ ಸುತ್ತಿಕೊಳ್ಳಬೇಕು. ಅಪ್ಪ ಹುಟ್ಟಾ ಪಂಚೆಯವರು, ಎರಡು ಸೆಕೆಂಡಿನಲ್ಲಿ ಗಂಟು ಬಿಗಿಯಿತು. ಜೀನ್ಸಿನ ಮನುಷ್ಯನಾದ ನನ್ನದು ಬಿಸಿ ಅಮೃತಶಿಲೆಯ ಕಟ್ಟೆ ಹತ್ತುವಾಗಲೇ ಜಾರಿತು. ಒಳಚಡ್ಡಿ ತೆಗೆಯಬೇಡಿ, ಇದು ಪಟ್ಟಿಯಲ್ಲಿತ್ತು, ಮಾನ ಉಳಿಯಿತು. ಆಮೇಲೆ ಒಬ್ಬ ಪೈಲ್ವಾನನಂಥವನು ಬಂದು, ಒರಟು ಕೈಗವಸು ಹಾಕಿಕೊಂಡು ಉಜ್ಜಿದ ನೋಡಿ, ಮೈಯಿಂದ ಕರಿ ಶಾವಿಗೆ ಶಾವಿಗೆಯಾಗಿ ಕೊಳೆ ಎದ್ದಿತು. ಅವರು ಅದನ್ನು ನಿಮಗೆ ತೋರಿಸುತ್ತಾರೆ. ತೋರಿಸಿ ನಗುತ್ತಾರೆ. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅಪ್ಪ ಮಾತ್ರ ಕಣ್ಣು ಮುಚ್ಚಿ, ದೀಪಾವಳಿಯ ಎರಕೊಳ್ಳುವ ಹಬ್ಬದ ಸುಖದಲ್ಲಿ, "ಸೀಗೀಕಾಯಿ ಇಲ್ಲೇನೋ?" ಅಂತ ಅವನನ್ನೇ ಕೇಳಿದರು. ಅವನು ನೊರೆಯ ಗುಡ್ಡೆ ತಂದು ಸುರಿದ.

ಚಿರಾಲಿ ಅನ್ನುವ ಊರಿನಲ್ಲಿ ಸಮುದ್ರದ ದಂಡೆಯ ಮೇಲೆ ಅಲ್ಲಲ್ಲಿ ಪಂಜರದಂಥ ಗೂಡುಗಳಿದ್ದವು. ಕಡಲಾಮೆ ಮೊಟ್ಟೆಯಿಟ್ಟ ಗುರುತು. ರಾತ್ರಿ ದಂಡೆಯಲ್ಲಿ ದೀಪ ಹಚ್ಚಬಾರದು, ಮರಳಿಗೆ ಛತ್ರಿ ಚುಚ್ಚಬಾರದು. ಇದನ್ನು ನಾವು ನಿಷ್ಠೆಯಿಂದ ಪಾಲಿಸಿದೆವು. ಎಷ್ಟು ನಿಷ್ಠೆ ಅಂದರೆ ಕತ್ತಲಲ್ಲಿ ನಮ್ಮ ಕೋಣೆಯೇ ಸಿಗಲಿಲ್ಲ.

ಆ ಊರಿನ ಹಿಂದಿನ ಗುಡ್ಡದಲ್ಲಿ ಯಾನಾರ್‌ತಾಶ್ ಇದೆ, ಉರಿಯುವ ಕಲ್ಲು. ಬಂಡೆಯ ಬಿರುಕುಗಳಿಂದ ಮಿಥೇನ್ ಹೊರಗೆ ಬಂದು ಸಾವಿರಾರು ವರ್ಷದಿಂದ ತಾನೇ ತಾನಾಗಿ ಉರಿಯುತ್ತಿದೆ. ಸಿಂಹದ ತಲೆ, ಆಡಿನ ಮೈ, ಹಾವಿನ ಬಾಲದ ಕಿಮೇರಾ ಅನ್ನುವ ಪ್ರಾಣಿ ಬೆಂಕಿ ಉಗುಳುತ್ತಿತ್ತು ಅನ್ನುವ ಗ್ರೀಕರ ಕಥೆಯನ್ನು ಇದೇ ಜಾಗಕ್ಕೆ ಹೊಂದಿಸುತ್ತಾರೆ. ಸಂಜೆ ಬ್ಯಾಟರಿ ಹಿಡಿದು ಹತ್ತಿದೆವು. ಅವ್ವ ಮೊಣಕಾಲು ನೋವನ್ನು ಬೈದುಕೊಳ್ಳುತ್ತಾ ಬಂದವಳು, ಮೇಲೆ ಕತ್ತಲಲ್ಲಿ ನೆಲದಿಂದ ಎದ್ದ ಹತ್ತಾರು ಜ್ವಾಲೆ ಕಂಡ ಕೂಡಲೇ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತಳು. ನಾನೂ ಸುಮ್ಮನಾದೆ. ಆಗ ಪಕ್ಕದ ಜ್ವಾಲೆಯಲ್ಲಿ ಕಾಲೇಜು ಹುಡುಗರು ಕಡ್ಡಿಗೆ ಬಿಳಿ ಮಿಠಾಯಿ ಸಿಕ್ಕಿಸಿ ಸುಡುತ್ತಿದ್ದದ್ದು, ಕಚ್ಚಿ ಮತ್ತೆ ಅದೇ ಬೆಂಕಿಗೆ ಹಿಡಿಯುತ್ತಿದ್ದದ್ದು ಅವ್ವನ ಕಣ್ಣಿಗೆ ಬಿತ್ತು. "ಅಯ್ಯ! ದೇವರ ಬೆಂಕಿಗೆ ಎಂಜಲಾ?" ಹುಡುಗರಿಗೆ ಏನು ತಿಳಿಯಿತೋ, ಒಬ್ಬಳು ಎದ್ದು ಬಂದು, "ತೇಯ್ಜೆ" ಅಂತ 'ಆ ಮೂಲೆಯ ಸಣ್ಣ ಜ್ವಾಲೆ ಖಾಲಿ ಇದೆ' ಅನ್ನುವ ಹಾಗೆ ಕೈ ಮಾಡಿ ತೋರಿಸಿ, ಕೈಗೊಂದು ಮಿಠಾಯಿ ಕೊಟ್ಟು ಹೋದಳು. ಅವ್ವ ಆ ಸಣ್ಣ ಜ್ವಾಲೆಗೆ ಮೂರು ಪ್ರದಕ್ಷಿಣೆ ಹಾಕಿದಳು. ಮಿಠಾಯಿ ಪ್ರಸಾದ ಅಂತ ಮೊಮ್ಮಗಳಿಗೆ ಹೋಯಿತು.

ಮುಂದಿನ ಊರಿನ ಹೆಸರು ಕಾಶ್. ಎದುರಿಗೆ ಕೂಗಳತೆಯಲ್ಲೇ ಅನ್ನುವ ಹಾಗೆ ಮೆಯಿಸ್ ಅನ್ನುವ ಗ್ರೀಕ್ ದ್ವೀಪ. ಟರ್ಕಿಯಲ್ಲಿ ನಮ್ಮ ಜರ್ಮನ್ ಸಿಮ್ಮಿಗೆ ರೋಮಿಂಗ್ ದುಬಾರಿ, ಗ್ರೀಸ್ ಆದರೆ ಯುರೋಪಿಯನ್ ಒಕ್ಕೂಟ, ಹೆಚ್ಚುವರಿ ಖರ್ಚಿಲ್ಲ. ನಾವಿದ್ದ ಮನೆಯ ಬಾಲ್ಕನಿಯ ಎಡಮೂಲೆಯಲ್ಲಿ ಫೋನು "ಗ್ರೀಸಿಗೆ ಸ್ವಾಗತ" ಅನ್ನುತ್ತಿತ್ತು, ಬಲಕ್ಕೆ ಎರಡು ಹೆಜ್ಜೆ ಸರಿದರೆ ಟರ್ಕಿ. ಅಪ್ಪ ಎಡಮೂಲೆಯ ಕಂಬ ತಬ್ಬಿಕೊಂಡು ಧಾರವಾಡಕ್ಕೆ ವಿಡಿಯೋ ಕಾಲ್ ಮಾಡುತ್ತಿದ್ದರು. "ಕಾಶ್ ಒಳಗ ಇದ್ದೀವಿ" ಅಂದದ್ದು ಆ ಕಡೆ "ಕಾಶಿ ಒಳಗ" ಅಂತ ಕೇಳಿಸಿತು. ಅತ್ತೆ, ಅಂದರೆ ಅಪ್ಪನ ತಂಗಿ, ಅಳುವುದಕ್ಕೇ ಶುರು ಮಾಡಿದಳು, ಹೇಳದೇ ಹೋದ್ರಲ್ಲಾ, ನನ್ನನ್ನೂ ಕರಕೊಂಡು ಹೋಗಬಾರದಿತ್ತಾ ಅಂತ. ಅಪ್ಪ ಬಿಡಿಸಿ ಹೇಳಲು ಹೋಗಿ ಕೈ ಬೀಸುತ್ತಾ ಬಲಕ್ಕೆ ಸರಿದರು, ಗ್ರೀಸು ಕೈಬಿಟ್ಟಿತು, ಫೋನು ಕಟ್ಟಾಯಿತು. ಊರಿಗೆ ಮರಳುವಾಗ ಎಂಟು ಜನಕ್ಕೆ ಗಂಗಾಜಲ ತರಬೇಕು ಅಂತ ಮೆಸೇಜು ಬಂದಿತ್ತು.

ಕೊನೆಯ ಎರಡು ದಿನ ಓಲುದೆನಿಜ್. ಬಾಬಾದಾ ಬೆಟ್ಟದ ಸುಮಾರು 1,900 ಮೀಟರ್ ಎತ್ತರದಿಂದ ಪ್ಯಾರಾಚೂಟು ಕಟ್ಟಿಕೊಂಡು ಕಡಲ ದಂಡೆಗೆ ಹಾರುತ್ತಾರೆ. ಹೆಂಡತಿ ಹಾರಿದಳು. ನಾನು ಅವಳ ಚೀಲ ಹಿಡಿದು ಕೆಳಗೆ ನಿಂತಿದ್ದೆ. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಅಲ್ಲಿಂದ ಫೆತಿಯೆಗೆ ದೋಲ್ಮುಷ್ ಹಿಡಿದೆವು. ದೋಲ್ಮುಷ್ ಅಂದರೆ ನಮ್ಮ ಟೆಂಪೊ, ಮ್ಯಾಕ್ಸಿಕ್ಯಾಬು. ಹೆಸರಿನ ಅರ್ಥವೇ "ತುಂಬಿದ್ದು". ಕಂಡಕ್ಟರ್ ಇಲ್ಲ. ಹತ್ತಿ ಕೂತವರು ದುಡ್ಡನ್ನು ಮುಂದಿನವರ ಕೈಗೆ ಕೊಡುತ್ತಾರೆ, ಅವರು ಅವರ ಮುಂದಿನವರಿಗೆ, ಹೀಗೇ ಡ್ರೈವರ್ ತನಕ. ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಇಳಿಯಬೇಕಾದಾಗ "ಇನೆಜೆಕ್ ವಾರ್" ಅಂತ ಕೂಗಬೇಕು, ಇಳಿಯುವವರಿದ್ದಾರೆ ಅಂತ. ಅಪ್ಪನಿಗೆ ಡ್ರೈವರ್ ಹಿಂದಿನ ಸೀಟೇ ಸಿಕ್ಕಿತ್ತು. ನಾವು ಹಿಂದೆ. ಬಸ್ಸು ಹೊರಟು ಒಂದು ನಿಮಿಷಕ್ಕೆ ಯಾರೋ ಅಪ್ಪನ ಭುಜ ತಟ್ಟಿ ನೋಟು ಕೊಟ್ಟರು. ಅಪ್ಪ ಗಾಬರಿಯಾಗಿ ಹಿಂದೆ ತಿರುಗಿ "ಏ, ನನಗ್ಯಾಕ ರೊಕ್ಕಾ ಕೊಡ್ತಾರೋ? ಭಿಕ್ಷಾ ಅಂತ ತಿಳದಾರೇನು?" ಅಂತ ಕೂಗಿದರು. ನಾನು ಹಿಂದಿನಿಂದಲೇ ವ್ಯವಸ್ಥೆ ವಿವರಿಸಿದೆ. ಅಪ್ಪನ ಬೆನ್ನು ನೆಟ್ಟಗಾದದ್ದು ನನಗೆ ಅಲ್ಲಿಂದಲೇ ಕಂಡಿತು. ಹನ್ನೆರಡು ವರ್ಷದ ನಿವೃತ್ತಿ ಅಲ್ಲಿಗೆ ಮುಗಿಯಿತು.

ನೋಟುಗಳನ್ನು ಮುಖ ಒಂದೇ ಕಡೆ ಬರುವ ಹಾಗೆ ಜೋಡಿಸಿದರು. ತೊಡೆಯ ಮೇಲೆ ದೊಡ್ಡವು ಬೇರೆ, ಸಣ್ಣವು ಬೇರೆ. ಯಾರು ಎಷ್ಟು ಕೊಟ್ಟರು, ಯಾರಿಗೆ ಎಷ್ಟು ವಾಪಸ್ಸು, ಬೆರಳಲ್ಲೇ ಲೆಕ್ಕ. ಡ್ರೈವರ್ ಮೊದಲು ಕನ್ನಡಿಯಲ್ಲಿ ಅನುಮಾನದಿಂದ ನೋಡಿದ, ಎರಡು ಸ್ಟಾಪು ಕಳೆದ ಮೇಲೆ ತನ್ನ ಚಿಲ್ಲರೆ ಡಬ್ಬಿಯನ್ನೇ ಹಿಂದಕ್ಕೆ ಚಾಚಿ "ಬುಯುರುನ್ ಅಮ್ಜಾ" ಅಂದ. ತೊಗೊಳ್ಳಿ ಕಾಕಾ. ದಾರಿಯುದ್ದಕ್ಕೂ "ಚಿಲ್ಲರ್ ಕೊಡ್ರಿ, ಚಿಲ್ಲರ್" ಅಂತ ಕೇಳಿಬರುತ್ತಿತ್ತು, ತುರ್ಕಿ ಹೆಂಗಸರು ಅರ್ಥವಾದವರಂತೆ ಪರ್ಸು ಕೆದಕುತ್ತಿದ್ದರು.

ಫೆತಿಯೆ ಬಂತು. ಎಲ್ಲರೂ ಎದ್ದರು. ಅಪ್ಪ ಏಳಲಿಲ್ಲ. ಕೈ ಅಡ್ಡ ಹಿಡಿದರು. "ಒಂದ್ ಲಿರಾ ಕಡಿಮಿ ಬರ್ತದ." ಡ್ರೈವರ್ "ತಮಾಮ್, ತಮಾಮ್" ಅಂದ. "ತಮಾಮ್ ಹ್ಯಾಂಗ್ ಆಗ್ತದ? ಟ್ಯಾಲಿ ಆಗಬೇಕಲ್ಲ" ಅಂತ ಅಪ್ಪ ಮತ್ತೆ ಮೊದಲಿನಿಂದ ಎಣಿಸಲು ಕೂತರು. ಹದಿನಾರು ಜನ ಟರ್ಕಿಯವರು, ಬೆನ್ನುಚೀಲದ ಇಬ್ಬರು ಇಂಗ್ಲಿಷರು, ಒಂದು ಕೋಳಿಮರಿ ಡಬ್ಬಿ, ಎಲ್ಲ ಬಾಗಿಲ ಹತ್ತಿರ ನಿಂತು ಕಾದವು. ಯಾರೋ ಸೀಟಿನ ಕೆಳಗೆ ಬಗ್ಗಿ ಹುಡುಕಿದರು. ಒಬ್ಬ ಹುಡುಗ ತನ್ನ ಜೇಬಿನಿಂದಲೇ ಒಂದು ಲಿರಾ ಕೊಡಲು ಬಂದ, ಅಪ್ಪ ಹುಬ್ಬು ಎತ್ತಿ, ತಲೆ ಹಿಂದೆ ವಾಲಿಸಿ "ಚಿಕ್" ಅಂದರು.

ಆಗ ನನ್ನ ತೊಡೆಯ ಮೇಲಿದ್ದ ಮಗಳು ಮುಷ್ಟಿ ಬಿಚ್ಚಿ ತೋರಿಸಿದಳು. ಹಿಂದಿನಿಂದ ಮುಂದಕ್ಕೆ ಹೋಗುತ್ತಿದ್ದ ಯಾರದೋ ಚಿಲ್ಲರೆಯನ್ನು ನಡುದಾರಿಯಲ್ಲೇ ಇಳಿಸಿಕೊಂಡಿದ್ದಳು. ಬೆವರಿಗೆ ಒದ್ದೆಯಾದ ಒಂದು ಲಿರಾ, ಟೈ ಹಾಕಿರೋ ಗಾಂಧಿ ತಾತ ಮೇಲೆ ಮಾಡಿ ಮಲಗಿದ್ದ.